ಮನೆಮಂದಿಗೆಲ್ಲ ಒಂದೇ ಕ್ಯಾಲೆಂಡರ್, ಅದೂ ಕನ್ನಡದಲ್ಲಿ

ನಮ್ಮ ಮನೆಗಳಲ್ಲಿ ಈಗ ಕಂಪ್ಯೂಟರಿಗೆ ಬರವಿಲ್ಲ. ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಫೋನ್, ಮಕ್ಕಳ ಟ್ಯಾಬ್ಲೆಟ್ ಎಲ್ಲವೂ ಒಂದೇ ವೈ-ಫೈನಲ್ಲಿವೆ. ಆದರೆ "ಈ ಶನಿವಾರ ಕನ್ನಡ ಶಾಲೆ ಇದೆಯಾ?", "ಹಲ್ಲಿನ ಡಾಕ್ಟರ್ ಎಷ್ಟು ಗಂಟೆಗೆ?" ಎಂಬ ಪ್ರಶ್ನೆಗಳಿಗೆ ಉತ್ತರ ಮಾತ್ರ ಒಬ್ಬರ ತಲೆಯಲ್ಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಅಮ್ಮನ ತಲೆ. ಆಕೆ ಜ್ವರ ಬಂದು ಮಲಗಿದರೆ ಮನೆಯ ಇಡೀ ವಾರ ಹಳಿ ತಪ್ಪುತ್ತದೆ. ಊರಲ್ಲಾದರೆ ನೆನಪಿಸಲು ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಇರುತ್ತಾರೆ. ಇಲ್ಲಿ ಇರುವುದು ನಾವು ಮೂರ್ನಾಲ್ಕು ಜನ. ಹಾಗಾಗಿ ಈ ಸಲ ಮನೆಯ ಕ್ಯಾಲೆಂಡರ್ ಮತ್ತು ಈಮೇಲ್ ಹಂಚಿಕೊಳ್ಳುವ ಬಗ್ಗೆ.

ಕ್ಯಾಲೆಂಡರ್ ಹಂಚುವುದು

ನಿಮ್ಮ ಸ್ವಂತ ಕ್ಯಾಲೆಂಡರನ್ನೇ ಹಂಚಬೇಡಿ. "ಮನೆ" ಎಂಬ ಹೆಸರಿನಲ್ಲಿ ಹೊಸದೊಂದು ಮಾಡಿ, ಅದನ್ನು ಹಂಚಿ. ಗೂಗಲ್ ಕ್ಯಾಲೆಂಡರಿನಲ್ಲಿ ಇದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡುವುದು ಸುಲಭ. ಯಾರಿಗೆ ಎಷ್ಟು ಹಕ್ಕು ಎಂದು ನೀವೇ ಆರಿಸಬಹುದು: ಬಿಡುವಿದೆಯೋ ಇಲ್ಲವೋ ಎಂದಷ್ಟೇ ಕಾಣಿಸಬಹುದು, ಪೂರ್ತಿ ವಿವರ ತೋರಿಸಬಹುದು, ತಿದ್ದಲು ಬಿಡಬಹುದು. ಗಂಡ ಹೆಂಡತಿ ಇಬ್ಬರಿಗೂ ತಿದ್ದುವ ಹಕ್ಕು ಇರಲೇಬೇಕು. ಒಬ್ಬರು ಬರೆದು ಇನ್ನೊಬ್ಬರು ಬರೀ ನೋಡುವುದಾದರೆ ಹಳೆಯ ಹೊರೆ ಹಳೆಯ ತಲೆಯ ಮೇಲೇ ಉಳಿಯುತ್ತದೆ. ಹದಿಹರೆಯದ ಮಗಳ ಸ್ವಂತ ಕ್ಯಾಲೆಂಡರಿನಿಂದ ನಮಗೆ ಬೇಕಾದ್ದು ಬಿಡುವಿನ ವೇಳೆ ಮಾತ್ರ. ಅಷ್ಟೇ ಕೇಳಿ.

ಆಪಲ್‌ನ ಫ್ಯಾಮಿಲಿ ಶೇರಿಂಗ್‌ನಲ್ಲಿ ನೀವೂ ಸೇರಿ 6 ಜನ ಇರಬಹುದು, ಕುಟುಂಬದ ಕ್ಯಾಲೆಂಡರ್ ತಾನಾಗಿಯೇ ಸಿದ್ಧವಾಗುತ್ತದೆ. ಮನೆಯಲ್ಲಿ ಒಬ್ಬರದು ಐಫೋನ್, ಒಬ್ಬರದು ಆಂಡ್ರಾಯ್ಡ್ ಎಂದಾದರೆ ಗೂಗಲ್ ಕ್ಯಾಲೆಂಡರ್ ಆರಿಸಿ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ಸೇರಿಸಿದರೆ ಅದರ ಕ್ಯಾಲೆಂಡರ್ ಆ್ಯಪ್‌ನಲ್ಲೇ ಎಲ್ಲವೂ ಕಾಣುತ್ತದೆ.

ಮನೆಯ ಸಮಾಚಾರ ದೊಡ್ಡ ಕಂಪನಿಗಳ ಕೈಗೆ ಹೋಗುವುದು ಬೇಡ ಎನ್ನುವವರಿಗೂ ದಾರಿ ಇದೆ. ಒಂದು ರಾಸ್ಪ್‌ಬೆರಿ ಪೈ ಕೊಂಡು, ರಾಡಿಕಾಲೆ ಎಂಬ ಉಚಿತ ತಂತ್ರಾಂಶ ಹಾಕಿ ರೌಟರಿನ ಪಕ್ಕ ಇಟ್ಟರೆ ಅದೇ ಮನೆಯ ಕ್ಯಾಲೆಂಡರ್ ಸರ್ವರ್. ಇದು ಕ್ಯಾಲ್‌ಡ್ಯಾವ್ ಎಂಬ, 2007ರಲ್ಲಿ ಪ್ರಕಟವಾದ ಮುಕ್ತ ನಿಯಮದಂತೆ ಮಾತಾಡುತ್ತದೆ. ಐಫೋನಿಗೆ ಆ ಭಾಷೆ ಮೊದಲೇ ಗೊತ್ತು. ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ಹೊರಗೆ ಹೋದಾಗ ಫೋನಿನಲ್ಲಿರುವ ಪ್ರತಿ ಸಾಕಾಗುತ್ತದೆ, ಮನೆಗೆ ಬಂದು ವೈ-ಫೈ ಸಿಕ್ಕೊಡನೆ ಎರಡೂ ಹೊಂದಿಕೊಳ್ಳುತ್ತವೆ. ಹೊರಗಿನಿಂದಲೂ ಬೇಕೆಂದು ರೌಟರಿನ ಬಾಗಿಲು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಬೇಕೇಬೇಕಾದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ.

ಈಮೇಲ್ ಬೇರೆ ಮಾತು

ಈಮೇಲ್ ಸರ್ವರನ್ನು ಮಾತ್ರ ಮನೆಯಲ್ಲಿ ಇಡಲು ಹೋಗಬೇಡಿ. ಮನೆಯ ವಿಳಾಸದಿಂದ ಹೊರಟ ಪತ್ರಗಳನ್ನು ಎಷ್ಟೋ ಸೇವೆಗಳು ಸ್ಪ್ಯಾಮ್ ಎಂದೇ ತಳ್ಳಿಬಿಡುತ್ತವೆ. ನಮಗೆ ಬೇಕಿರುವುದು ಶಾಲೆ, ಡಾಕ್ಟರ್, ಕನ್ನಡ ಸಂಘದ ಪತ್ರಗಳು ಇಬ್ಬರಿಗೂ ತಲುಪುವುದು, ಅಷ್ಟೇ. ಶಾಲೆಗೆ ಇಬ್ಬರ ವಿಳಾಸವನ್ನೂ ಕೊಡಿ. ಒಂದೇ ವಿಳಾಸ ಸಾಕು ಎನ್ನುವ ಕಡೆ ಮನೆಗೆಂದೇ ಒಂದು ವಿಳಾಸ ಮಾಡಿ, ಇಬ್ಬರ ಫೋನಿಗೂ ಸೇರಿಸಿ. ಸೇರಿಸುವಾಗ ಪಾಪ್ ಬೇಡ, ಐಮ್ಯಾಪ್ ಆರಿಸಿ. ಪಾಪ್ ಪತ್ರವನ್ನು ಒಂದು ಯಂತ್ರಕ್ಕೆ ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡಬಹುದು; ಐಮ್ಯಾಪ್‌ನಲ್ಲಿ ಪತ್ರ ಸರ್ವರಿನಲ್ಲೇ ಇದ್ದು ಎಲ್ಲರಿಗೂ ಕಾಣುತ್ತದೆ.

ಇದರಲ್ಲೂ ಒಂದು ತೊಡಕಿದೆ. ಒಬ್ಬರು ತೆರೆದ ಪತ್ರ ಇನ್ನೊಬ್ಬರಿಗೂ "ಓದಿದ್ದು" ಎಂದೇ ಕಾಣುತ್ತದೆ. ಅವರು ನೋಡಿದ್ದಾರೆ ಎಂದು ಇವರು, ಇವರು ನೋಡಿದ್ದಾರೆ ಎಂದು ಅವರು ಸುಮ್ಮನಾಗುತ್ತಾರೆ. ಅದಕ್ಕೆ ಒಂದು ಕಟ್ಟುಪಾಡು ಸಾಕು: ಪತ್ರದಲ್ಲಿರುವ ದಿನಾಂಕ ಕ್ಯಾಲೆಂಡರಿಗೆ ಹೋದ ಮೇಲೆಯೇ ಅದನ್ನು "ಮುಗಿಯಿತು" ಎಂಬ ಫೋಲ್ಡರಿಗೆ ಹಾಕುವುದು. ಇನ್‌ಬಾಕ್ಸಿನಲ್ಲಿ ಉಳಿದದ್ದೆಲ್ಲ ಬಾಕಿ ಕೆಲಸ. ಸ್ವಂತ ಖಾತೆಯ ಪಾಸ್‌ವರ್ಡ್ ಯಾರಿಗೂ ಕೊಡಬೇಕಿಲ್ಲ.

ಅಜ್ಜಿಯ ಸಂಜೆ 6 ಗಂಟೆ

ಭಾರತ ಗಡಿಯಾರ ತಿರುಗಿಸುವುದಿಲ್ಲ, ನಮ್ಮಲ್ಲಿ ಹಲವು ದೇಶಗಳು ತಿರುಗಿಸುತ್ತವೆ. ಊರಿನ ಸಂಜೆ 6 ಎಂದರೆ ಬೇಸಿಗೆಯಲ್ಲಿ ಬರ್ಲಿನ್‌ನಲ್ಲಿ ಮಧ್ಯಾಹ್ನ 2:30, ಲಂಡನ್ನಿನಲ್ಲಿ 1:30, ನ್ಯೂಯಾರ್ಕಿನಲ್ಲಿ ಬೆಳಗ್ಗೆ 8:30. ಚಳಿಗಾಲದಲ್ಲಿ ಇವೆಲ್ಲ ಒಂದು ಗಂಟೆ ಹಿಂದಕ್ಕೆ ಬರುತ್ತವೆ. ಅದೂ ಒಂದೇ ದಿನ ಅಲ್ಲ: ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಮತ್ತು ನವೆಂಬರಿನ ಮೊದಲ ಭಾನುವಾರ. ದುಬೈ, ಸಿಂಗಾಪುರದವರಿಗೆ ಈ ಗೋಜಿಲ್ಲ.

ವಾರದ ಫೋನನ್ನು ಇಲ್ಲಿನ ಸಮಯದಲ್ಲಿ ಬರೆದಿಟ್ಟರೆ ಅಕ್ಟೋಬರಿನ ಕೊನೆಯಲ್ಲಿ ಅಜ್ಜಿ ಒಂದು ಗಂಟೆ ಫೋನ್ ಮುಂದೆ ಕೂತು ಕಾಯುತ್ತಾರೆ. ಅದರ ಬದಲು ಆ ಒಂದು ನಮೂದಿನ ಸಮಯ ವಲಯವನ್ನು "ಭಾರತೀಯ ಕಾಲಮಾನ, ಕೋಲ್ಕತಾ" ಎಂದು ಬದಲಿಸಿ, ಸಂಜೆ 6 ಎಂದು ಬರೆದು, ಪ್ರತಿ ವಾರ ಎಂದು ಗುರುತು ಹಾಕಿ. ಆಮೇಲೆ ಇಲ್ಲಿನ ಗಡಿಯಾರ ಹೇಗೆ ತಿರುಗಿದರೂ ಅಜ್ಜಿಯ ಸಂಜೆ 6 ಅಲುಗುವುದಿಲ್ಲ. ಇಲ್ಲಿನ ಪಾಠ, ಆಟದ ನಡುವೆ ನಾವೇ ಜಾಗ ಮಾಡಿಕೊಳ್ಳಬೇಕು.

ಹಬ್ಬಗಳ ವಿಷಯದಲ್ಲಿ ಇದರ ತಿರುಗುಮುರುಗು. ತಿಥಿ ಲೆಕ್ಕ ಸೂರ್ಯೋದಯದ ಮೇಲೆ ನಿಂತಿರುವುದರಿಂದ ಅಮೆರಿಕದಲ್ಲಿ ಕೆಲವು ಹಬ್ಬಗಳು ಊರಿಗಿಂತ ಒಂದು ದಿನ ಹಿಂದೆ ಬೀಳುತ್ತವೆ. ಭಾರತದ ರಜೆಗಳ ಸಿದ್ಧ ಕ್ಯಾಲೆಂಡರ್ ಸೇರಿಸಿಕೊಂಡಿದ್ದರೆ ನಿಮ್ಮ ಊರಿನ ದೇವಸ್ಥಾನದ ಪಂಚಾಂಗ ನೋಡಿ ಒಮ್ಮೆ ಸರಿಪಡಿಸಿಕೊಳ್ಳಿ.

ಇನ್ನು ಕನ್ನಡ

ಕ್ಯಾಲೆಂಡರ್ ಕಡತಗಳು ಯೂನಿಕೋಡ್ ಪಠ್ಯವನ್ನೇ ಬಳಸುತ್ತವೆ. ಕನ್ನಡದಲ್ಲಿ ಬರೆದದ್ದು ಯಾವ ಫೋನಿನಲ್ಲೂ ಹಾಗೇ ಕಾಣುತ್ತದೆ. ಮಕ್ಕಳಿಗೆ ಓದಲು ಕನ್ನಡ ಪುಸ್ತಕ ಕೊಟ್ಟರೆ ಅದು "ಇನ್ನೊಂದು ಹೋಮ್‌ವರ್ಕ್". ಕ್ಯಾಲೆಂಡರ್ ಹಾಗಲ್ಲ. "ಶುಕ್ರವಾರ ಈಜು", "ಭಾನುವಾರ ಅತ್ತೆ ಮನೆಗೆ", "ಅಜ್ಜಿ ಫೋನ್" ಎಂಬ ಎರಡು ಮೂರು ಪದ ಓದಿದರೆ ತನಗೆ ಬೇಕಾದ್ದು ಗೊತ್ತಾಗುತ್ತದೆ ಎಂದರೆ ಮಗು ಓದಿಯೇ ಓದುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಹಳೆಯ ಟ್ಯಾಬ್ಲೆಟ್ ಒಂದನ್ನು ತೂಗುಹಾಕಿ ವಾರದ ಪುಟ ತೆರೆದಿಟ್ಟಿದ್ದೇವೆ.

ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂಬ ಮಾತುಗಳೂ ಆ ಪುಟದ ಮುಂದೆ ನಿಂತರೆ ತಾವಾಗಿ ಅರ್ಥವಾಗುತ್ತವೆ. ಇಂಗ್ಲಿಷಿನಲ್ಲಿ ಮೂರ್ನಾಲ್ಕು ಪದ ಬೇಕಾದ ಕಡೆ ಕನ್ನಡಕ್ಕೆ ಒಂದೇ ಪದ ಸಾಕು ಎಂಬುದು ಮಕ್ಕಳಿಗೆ ಬಲು ಖುಷಿ ಕೊಡುವ ಸಂಗತಿ.

ವಾರಕ್ಕೆ ಒಂದು ನಮೂದನ್ನು ಮಗುವೇ ಬರೆಯಲಿ. "ಈಜು" ಹೋಗಿ "ಇಜು" ಆದರೆ ಅದನ್ನು ತಿದ್ದಲು ಹೋಗಬೇಡಿ. ಹೋಗಬೇಕಾದ ಹೊತ್ತು ಸರಿಯಿದ್ದರೆ ಸಾಕು.

ಈ ವಾರಾಂತ್ಯ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೂರು ನಮೂದು ಹಾಕಿ: ಕನ್ನಡ ಶಾಲೆ, ಮುಂದಿನ ಡಾಕ್ಟರ್ ಭೇಟಿ, ಅಜ್ಜಿಯ ಫೋನ್. ಮಿಕ್ಕದ್ದು ಒಂದೊಂದಾಗಿ ಸೇರುತ್ತದೆ.