2029ರವರೆಗೆ ಗುಜರಿ, ಆಮೇಲೆ ಪರಂಪರೆ: ನಮ್ಮನೆ ಫಿಯಟ್ ಮತ್ತು ಸರ್ಕಾರದ ಲೆಕ್ಕ

“ಇಷ್ಟು ಖರ್ಚು ಮಾಡೋ ಬದಲು ಗುಜರಿಗೆ ಹಾಕಿ ಮೇಡಂ. ಸರ್ಟಿಫಿಕೇಟ್ ಸಿಗುತ್ತೆ, ಹೊಸ ಗಾಡಿ ತಗೊಳ್ಳೋವಾಗ ರಿಯಾಯಿತಿ ಇರುತ್ತೆ.”

ಕಾರಿನ ನೋಂದಣಿ ನವೀಕರಿಸಲು ಹೋದಾಗ ಆರ್‌ಟಿಒ ಕೌಂಟರಿನಲ್ಲಿ ಸಿಕ್ಕ ಸಲಹೆ ಇದು. ಹೇಳಿದವರ ದನಿಯಲ್ಲಿ ಕೊಂಕೇನೂ ಇರಲಿಲ್ಲ, ನಮ್ಮ ಒಳ್ಳೇದಕ್ಕೇ ಹೇಳಿದ್ದು. ಆದರೆ ಪಕ್ಕದಲ್ಲಿ ನಿಂತಿದ್ದ 81 ವರ್ಷದ ತಾತ ಸುಮ್ಮನಿರಲಿಲ್ಲ. “ಗುಜರಿಗಾಕಕ್ಕಾ ಎರಡ್ ವರ್ಷ ಒದ್ದಾಡಿದ್ದು?” ಅಂದರು.

ನಮ್ಮದು 1979ರಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅಂತ ಕರೆದಿಲ್ಲ, ಇವತ್ತಿಗೂ ಫಿಯಟ್ ಅಂತಲೇ. ಇಟಲಿಯ ಫಿಯಟ್ 1100 ಕಾರನ್ನು ಪರವಾನಗಿ ಪಡೆದು ಮುಂಬೈನ ಕುರ್ಲಾದಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ 70ರ ದಶಕದಲ್ಲಿ ಹೆಸರು ಬದಲಿಸಿತು, ಕಾರನ್ನಲ್ಲ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಕಿಟಕಿಯಲ್ಲಿ ತಿರುಗಿಸುವ ತ್ರಿಕೋನದ ಗಾಜು.

ತಾತ ಸಕಲೇಶಪುರದ ಕಡೆ ಕಾಫಿ ಎಸ್ಟೇಟೊಂದರಲ್ಲಿ ಡ್ರೈವರ್ ಆಗಿದ್ದರು. ಮಾಲೀಕರು 1986ರಲ್ಲಿ ಮಾರುತಿ ತಗೊಂಡಾಗ ಫಿಯಟ್ಟನ್ನು ತಾತನಿಗೆ ಬಿಟ್ಟುಕೊಟ್ಟರು. ಸುಮ್ಮನೆ ಅಲ್ಲ, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ಅಡವಿಗೆ ಹೋದ ಅಜ್ಜಿಯ ಒಂದು ಜೊತೆ ಬಳೆ ವಾಪಸ್ ಬರಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಲೈನ್ ಮನೆಗಳಿಗೆಲ್ಲ ಅದೇ ಆಂಬುಲೆನ್ಸ್. ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ನಡುರಾತ್ರಿ ನಮ್ಮನೆ ಬಾಗಿಲು ತಟ್ಟುತ್ತಿದ್ದರು. ನನ್ನಪ್ಪನಿಗೆ ಮಾತ್ರ ಆ ಕಾರು ಕಂಡರೆ ಆಗುತ್ತಿರಲಿಲ್ಲ. ಮನೆಯ ದುಡ್ಡೆಲ್ಲ ಅದರ ಹೊಟ್ಟೆಗೇ ಹೋಗ್ತಿತ್ತು ಅನ್ನೋದು ಅವರ ಸಿಟ್ಟು.

2019ರಲ್ಲಿ ಕೊನೆಯ ಸಲ ಆರ್‌ಸಿ ನವೀಕರಿಸಿದ್ದೆವು. ಆಗ ಶುಲ್ಕ 600 ರೂಪಾಯಿ. ಆಮೇಲೆ ಕೋವಿಡ್ ಬಂತು, ಕಾರು ಶೆಡ್ ಸೇರಿತು. ಈಗ ಅದೇ ಕೆಲಸಕ್ಕೆ 10,000 ರೂಪಾಯಿ, ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಈ ಆರು-ಏಳು ವರ್ಷಗಳಲ್ಲಿ ಏನಾಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ. ಯಾಕೆಂದರೆ ಇದು ಬರೀ ಒಂದು ಹಳೇ ಕಾರಿನ ಕತೆ ಅಲ್ಲ.

ವಯಸ್ಸೇ ಅಪರಾಧ

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಗೆ ಚಾಲನೆ ಕೊಟ್ಟಿತು. ಮಾಲಿನ್ಯ ಇಳಿಯುತ್ತೆ, ರಸ್ತೆ ಸುರಕ್ಷಿತವಾಗುತ್ತೆ, ಲೋಹದ ಮರುಬಳಕೆ ಆಗುತ್ತೆ ಅನ್ನೋದು ಕೊಟ್ಟ ಕಾರಣಗಳು. ಇನ್ನೊಂದು ಕಾರಣವನ್ನೂ ಯಾರೂ ಮುಚ್ಚಿಡಲಿಲ್ಲ. ಈ ನೀತಿಯಿಂದ ವಾಹನೋದ್ಯಮದ ವಹಿವಾಟು ದುಪ್ಪಟ್ಟಿಗಿಂತ ಹೆಚ್ಚಾಗುತ್ತೆ ಎಂದು ಸಚಿವ ನಿತಿನ್ ಗಡ್ಕರಿಯವರೇ ಹೇಳಿದ್ದರು. ಜನ ಹೊಸ ಗಾಡಿ ಕೊಳ್ಳಬೇಕು, ಅದಕ್ಕೆ ಹಳೆಯದು ಹೋಗಬೇಕು. ಲೆಕ್ಕ ಸರಳ.

2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000, ಬೈಕುಗಳಿಗೆ 2,000 ಆಯಿತು. ಇಲ್ಲಿ ಗಮನಿಸಬೇಕಾದ್ದು ಒಂದೇ. ಗಾಡಿ ಎಷ್ಟು ಹೊಗೆ ಬಿಡುತ್ತೆ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ, ಬ್ರೇಕ್ ಹಿಡಿಯುತ್ತಾ ಇಲ್ವಾ – ಇದ್ಯಾವುದರ ಮೇಲೂ ಶುಲ್ಕ ನಿಂತಿಲ್ಲ. ಹುಟ್ಟಿದ ತಾರೀಖಿನ ಮೇಲಷ್ಟೇ ನಿಂತಿದೆ.

ಇದೇ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮವನ್ನೂ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯತೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅನ್ನೋ ವಿಶೇಷ ಅಕ್ಷರ. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಸಂಶೋಧನೆ, ಪೆಟ್ರೋಲ್ ತುಂಬಿಸೋದು, ರಿಪೇರಿ – ಇಷ್ಟಕ್ಕೇ ರಸ್ತೆಗೆ ಇಳಿಸಬಹುದು.

ಅಂದ್ರೆ 2029ರವರೆಗೆ ನಮ್ಮ ಫಿಯಟ್ ಗುಜರಿಗೆ ಹೋಗಬೇಕಾದ ಹಳೇ ಕಬ್ಬಿಣ. 2029ರಲ್ಲಿ ಬೆಳಗಾಗುವುದರೊಳಗೆ ದೇಶದ ಪರಂಪರೆ! ಈ ನಡುವಿನ ದಾರಿ ಯಾರು ದಾಟಬಲ್ಲರು? ದೊಡ್ಡ ಗ್ಯಾರೇಜು, ಕೆಲಸದವರು, ದುಡ್ಡು ಇರುವವರು. ವಿಂಟೇಜ್ ರ‍್ಯಾಲಿಗಳಲ್ಲಿ ಅರಮನೆಗಳ, ಉದ್ಯಮಿಗಳ ಕಾರುಗಳೇ ಎದ್ದು ಕಾಣೋದು ಆಕಸ್ಮಿಕ ಅಲ್ಲ. ಡ್ರೈವರನ ಕಾರು ಐವತ್ತು ವರ್ಷ ಮುಟ್ಟುವ ಮೊದಲೇ ಗುಜರಿ ಸೇರಿರುತ್ತೆ.

ರಿಪೇರಿ ಅನ್ನೋ ವಿದ್ಯೆ

2023ರ ಅಕ್ಟೋಬರ್‌ನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ನಿವೃತ್ತಿಯಾದ ಸುದ್ದಿಯನ್ನ ಮೊಬೈಲಿನಲ್ಲಿ ತಾತನಿಗೆ ಓದಿ ಹೇಳಿದ್ದೆ. “ನಮ್ದೂ ಒಂದೈತಲ್ಲ ಪುಟ್ಟಿ” ಅಂದರು. ಶುರುವಾಗಿದ್ದು ಅಲ್ಲಿಂದ. ನಾನು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಸ್ ಹತ್ತಿ ಬರೋದು, ಕಾರನ್ನ ಬೈದುಕೊಂಡೇ ಅಪ್ಪ ನಟ್ಟು ಬಿಚ್ಚೋದು, ಪೊರೆ ಬಂದ ಕಣ್ಣಿನ ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಿವಿಯಲ್ಲೇ ಎಂಜಿನ್ ನೋಡೋದು. ಸದ್ದು ಕೇಳಿ “ಪಾಯಿಂಟ್ ಗ್ಯಾಪ್ ಜಾಸ್ತಿ ಆಯ್ತು ನೋಡು” ಅಂದರೆ, ಫೀಲರ್ ಗೇಜ್ ಹಾಕಿ ನೋಡಿದಾಗ ಹೌದು, ಜಾಸ್ತಿಯೇ ಆಗಿರುತ್ತಿತ್ತು. ಕಾರ್ಬೊರೇಟರ್ ಬಿಚ್ಚಿ ಜೆಟ್ ತೊಳೆಯೋದನ್ನ ಇಂಜಿನಿಯರಿಂಗ್ ಓದಿದ ನನಗೆ ಕಲಿಸಿದ್ದು ಏಳನೇ ಕ್ಲಾಸಿನ ತಾತ.

ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿದೆ. ಸಿಗದೇ ಇದ್ದುದನ್ನ ಲೇತ್‌ನಲ್ಲಿ ಮಾಡಿಸಿದೆವು. ತುಕ್ಕು ತಿಂದ ನೆಲಕ್ಕೆ ಹೊಸ ತಗಡು ಬೆಸೆದುಕೊಟ್ಟ ಟಿಂಕರಿಂಗ್ ಮೇಸ್ತ್ರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಅಳತೆಪಟ್ಟಿ ಇಲ್ಲದೆ ತಗಡು ಬಗ್ಗಿಸಿ ಗೆರೆ ಕೂರಿಸ್ತಾರೆ. ಅವರ ಮಗ ಈಗ ಫುಡ್ ಡೆಲಿವರಿ ಮಾಡ್ತಾನೆ. “ಇದರಲ್ಲಿ ಏನೈತಮ್ಮ ಇನ್ನು” ಅಂದರು ಅವರು.

ಬಹಳ ದಿನ ತಲೆಯಲ್ಲಿ ಉಳಿದ ಮಾತದು. ಈ ದೇಶದ ಗ್ಯಾರೇಜುಗಳನ್ನು ನಡೆಸಿದ್ದು ಬಹುಪಾಲು ಸರ್ಟಿಫಿಕೇಟ್ ಇಲ್ಲದ, ಹತ್ತನ್ನೆರಡು ವಯಸ್ಸಿಗೇ ಸ್ಪ್ಯಾನರ್ ಹಿಡಿದ ಜನ. ಬಾಲಕಾರ್ಮಿಕ ಪದ್ಧತಿಯನ್ನ ವೈಭವೀಕರಿಸಬೇಕಿಲ್ಲ. ಆದರೆ ಆ ಕೈಗಳಲ್ಲಿದ್ದ ವಿದ್ಯೆಗೆ ಒಂದು ಐಟಿಐ ಪ್ರಮಾಣಪತ್ರದ ಬೆಲೆಯನ್ನೂ ನಾವು ಕೊಡಲಿಲ್ಲ. ಗುಜರಿ ನೀತಿಯ ಲೆಕ್ಕದಲ್ಲಿ ಉಕ್ಕು, ಅಲ್ಯೂಮಿನಿಯಂ ಎಲ್ಲ ವಾಪಸ್ ಬರುತ್ತೆ. ಈ ವಿದ್ಯೆ ವಾಪಸ್ ಬರುವ ಕಾಲಂ ಅದರಲ್ಲಿಲ್ಲ.

ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕು’ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಕಾನೂನು ಬಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಬಿಡಿಭಾಗಗಳದ್ದೂ ಇಳಿದು 18 ಆಯಿತು, ಅದು ಒಳ್ಳೇದೇ. ಆದರೆ ಬಿಲ್ ಕೊಡುವ ಗ್ಯಾರೇಜಿನ ಕೂಲಿಗೂ ಅದೇ 18. ಇರೋದನ್ನ ಸರಿಮಾಡಿಕೊಳ್ಳೋದಕ್ಕೂ ಹೊಸದು ಕೊಳ್ಳೋದಕ್ಕೂ ಒಂದೇ ತೆರಿಗೆ, ಗುಜರಿಗೆ ಹಾಕಿದರೆ ಮೇಲೊಂದು ರಿಯಾಯಿತಿ. ಸರ್ಕಾರ ಯಾವ ಕಡೆ ತಳ್ಳುತ್ತಿದೆ ಅಂತ ಬೇರೆ ಹೇಳಬೇಕಾ?

ಇದಕ್ಕೆ ಇ20 ಪೆಟ್ರೋಲನ್ನೂ ಸೇರಿಸಿ. ಎಂಜಿನ್ ಎದ್ದ ಮೂರೇ ತಿಂಗಳಿಗೆ ನಮ್ಮ ಕಾರಿನ ಪೆಟ್ರೋಲ್ ಪೈಪು ಉಬ್ಬಿಕೊಂಡಿತು, ಪಂಪಿನ ಡಯಾಫ್ರಂ ಹೋಯಿತು. ಎಥೆನಾಲ್ ಹಳೇ ರಬ್ಬರನ್ನ ತಿನ್ನುತ್ತೆ ಅಂದರು ಮೆಕ್ಯಾನಿಕ್. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು, ಅದೇನೂ ದುಬಾರಿ ಅಲ್ಲ ಎಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಸ್ಪಷ್ಟನೆ ಕೊಟ್ಟಿತ್ತು. ಕಾರ್ಖಾನೆಯೇ ಮುಚ್ಚಿಹೋದ ಕಾರಿಗೆ ಆ ರಬ್ಬರ್ ಎಲ್ಲಿ ಸಿಗುತ್ತೆ ಅಂತ ಹೇಳಲಿಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಅಂತ ಕೇಳಿದ ಅರ್ಜಿಯನ್ನ ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಎಥೆನಾಲ್‌ನಿಂದ ಕಬ್ಬು, ಮೆಕ್ಕೆಜೋಳದ ರೈತರಿಗೆ ಒಂದು ಮಾರುಕಟ್ಟೆ ಸಿಗುತ್ತೆ, ಅದನ್ನ ತಳ್ಳಿಹಾಕಲ್ಲ. ಆದರೆ ಅದಕ್ಕೆ ಹಳೇ ಗಾಡಿ ಇಟ್ಟುಕೊಂಡವರು ತೆರುವ ಬೆಲೆ ಯಾರ ಲೆಕ್ಕದಲ್ಲೂ ಇಲ್ಲ.

ಹೊಗೆಯ ಪ್ರಶ್ನೆ

ಈಗ ನೀವು ಕೇಳಬಹುದು: ಹಳೇ ಕಾರು ಹೊಗೆ ಕಾರಲ್ವಾ? ಕಾರುತ್ತೆ. ನಮ್ಮ ದೇಶದಲ್ಲಿ ಹೊಗೆಗೆ ಮಿತಿ ಹಾಕುವ ಮೊದಲೇ ಹುಟ್ಟಿದ ಕಾರಿದು, ಕೆಟಲಿಟಿಕ್ ಕನ್ವರ್ಟರ್ ಇಲ್ಲ. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಬಿಎಸ್-6 ಕಾರಿನ ಮುಂದೆ ಇದು ಕೊಳಕೇ. ದಿನಾ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದನ್ನ ಓಡಿಸೋ ಹಕ್ಕು ನನಗೆ ಬೇಕು ಅಂತ ಕೇಳೋದು ಬೇಜವಾಬ್ದಾರಿ ಆಗುತ್ತೆ.

ಆದರೆ ವರ್ಷಕ್ಕೆ ಐನೂರು ಕಿಲೋಮೀಟರ್ ಓಡುವ ಫಿಯಟ್ಟನ್ನೂ, ದಿನಕ್ಕೆ ಐವತ್ತು ಕಿಲೋಮೀಟರ್ ಒಬ್ಬರನ್ನೇ ಹೊತ್ತು ತಿರುಗುವ ಎಸ್‌ಯುವಿಯನ್ನೂ ಪಕ್ಕದಲ್ಲಿಟ್ಟು ಅಳೆಯಿರಿ. ಹೊಸ ಕಾರು ರಸ್ತೆಗೆ ಬರುವ ಮೊದಲೇ ಅದರ ಉಕ್ಕು, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಟನ್‌ಗಟ್ಟಲೆ ಇಂಗಾಲ ಹೊರಬಿದ್ದಿರುತ್ತೆ. ಅಳೆಯಬೇಕಾದ್ದು ಹೊಗೆಯನ್ನ, ಬಳಕೆಯನ್ನ.

ದೆಹಲಿಯ ಗೊಂದಲದಲ್ಲೂ ಕಾಣೋದು ಇದೇ. 2025ರ ಜುಲೈ 1ರಿಂದ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಬಂಕಿನಲ್ಲಿ ಇಂಧನವೇ ಇಲ್ಲ ಅಂದರು. ಜನ ಸಿಟ್ಟಾದ ಕೆಲವೇ ದಿನಗಳಲ್ಲಿ ತಡೆಹಿಡಿದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡ ಅಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನ ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ವಾಹನಗಳಿಗಷ್ಟೇ ಸೀಮಿತಗೊಳಿಸಿತು. ಆ ಲೆಕ್ಕದಲ್ಲಿ ನಮ್ಮ ಫಿಯಟ್ ಸೋಲುತ್ತೆ. ಆದರೂ ‘ಎಷ್ಟು ವರ್ಷ’ ಅನ್ನೋದರಿಂದ ‘ಎಷ್ಟು ಹೊಗೆ’ ಅನ್ನೋದರ ಕಡೆ ಅರ್ಧ ಹೆಜ್ಜೆ ಸರಿದಂತಾಯಿತು.

ನಾವು ಕಟ್ಟಿದೆವು, ಅವರು ಕಟ್ಟಲಿಲ್ಲ

ಆರ್‌ಟಿಒ ಸಾಲಿನಲ್ಲಿ ನಮ್ಮ ಮುಂದೆ ಒಬ್ಬರು ಇದ್ದರು. 2004ರ ಬೈಕು, ಅದರಲ್ಲೇ ಹಳ್ಳಿಗಳಿಗೆ ತರಕಾರಿ ಹಾಕ್ತಾರಂತೆ. ಶುಲ್ಕ 2,000 ಪ್ಲಸ್ ದಂಡ ಅಂದಾಗ ಕಾಗದಗಳನ್ನ ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಅದೇ ಬೈಕಿನಲ್ಲಿ.

ನನಗೆ ಈ ನೀತಿಯ ನಿಜವಾದ ಫಲ ಕಂಡಿದ್ದು ಅಲ್ಲಿ. ಶುಲ್ಕ ಗಾಡಿಯನ್ನ ರಸ್ತೆಯಿಂದ ತೆಗೆಯಲಿಲ್ಲ, ಕಾಗದದಿಂದ ತೆಗೆಯಿತು. ಆರ್‌ಸಿ ಇಲ್ಲದ ಗಾಡಿಯ ವಿಮೆ ನೆಚ್ಚಿಕೊಳ್ಳುವ ಹಾಗಿಲ್ಲ. ನಾಳೆ ಅದು ಯಾರಿಗಾದರೂ ಗುದ್ದಿದರೆ ಪರಿಹಾರಕ್ಕೆ ಆ ಬಡವರು ಕೋರ್ಟು ಅಲೆಯಬೇಕು. ನಮ್ಮ ಫಿಯಟ್ ಪ್ರೀತಿಯ ವಸ್ತು, ದುಡ್ಡು ಹೊಂದಿಸಿ ಕಟ್ಟಿಬಿಟ್ಟೆವು. ಅವರ ಬೈಕು ಹೊಟ್ಟೆಪಾಡು. ಹಳೇ ಗಾಡಿ ಓಡಿಸೋರಲ್ಲಿ ಹೆಚ್ಚಿನವರು ನಮ್ಮಂಥವರಲ್ಲ, ಅವರಂಥವರು.

ಹಾಗಾದರೆ ಏನು ಮಾಡಬಹುದು? ಒಂದು, ಶುಲ್ಕವನ್ನ ವಯಸ್ಸಿನಿಂದ ಬಿಡಿಸಿ ಹೊಗೆ ಪರೀಕ್ಷೆ, ಫಿಟ್‌ನೆಸ್, ಓಡಿದ ದೂರಕ್ಕೆ ಗಂಟು ಹಾಕಬೇಕು. ಅದಕ್ಕೆ ಹೊಗೆ ಪರೀಕ್ಷೆ ಇವತ್ತಿನ ಹಾಗೆ ಬರೀ ಚೀಟಿ ಆಗಬಾರದು. ಎರಡು, ಪರಂಪರೆಯ ಗಡಿಯನ್ನ 50 ವರ್ಷದಿಂದ ಕೆಳಗಿಳಿಸಬೇಕು. ಜರ್ಮನಿಯಲ್ಲಿ 30 ವರ್ಷ ತುಂಬಿ ಚೆನ್ನಾಗಿ ಕಾಪಾಡಿದ ಕಾರಿಗೆ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತೆ, ರಸ್ತೆಯಲ್ಲೂ ಓಡಿಸಬಹುದು. ಮೂರು, ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೆ ಬಿಡಿಭಾಗಗಳ ನಕ್ಷೆ ಸಾರ್ವಜನಿಕವಾಗಬೇಕು, ರಿಪೇರಿ ಕೂಲಿಯ ತೆರಿಗೆ ಇಳಿಯಬೇಕು. ನಾಲ್ಕು, ಎಲ್ಲಕ್ಕಿಂತ ಮುಖ್ಯ, ಊರಿಗೆ ಬಸ್ಸು ಬರಬೇಕು. ಲೈನ್ ಮನೆಗಳಿಗೆ ರಾತ್ರಿ ಆಂಬುಲೆನ್ಸ್ ಬರ್ತಿದ್ದರೆ ಅಜ್ಜಿಯ ಬಳೆ ಅಡವಿಗೆ ಹೋಗ್ತಿರಲಿಲ್ಲ.

ಈ ಮಾತು ನಾನು ಹೇಳಿದ್ದಕ್ಕೆ ಅಜ್ಜಿ ನಕ್ಕರು. “ಆ ಗಾಡಿ ಮೇಲಿರೋ ಅಕ್ಕರೆ ನನ್ ಮಂಡಿ ಮೇಲಿದ್ದಿದ್ರೆ ನಾನೂ ಓಡಾಡ್ತಿದ್ದೆ” ಅಂದರು. ಅವರ ಮಾತಲ್ಲೂ ನ್ಯಾಯ ಇದೆ. ಇಷ್ಟು ವರ್ಷ ಅವರು ಹಿಂದಿನ ಸೀಟಿನಲ್ಲೇ ಕೂತವರು. ಆರ್‌ಸಿ ಬಂದ ಭಾನುವಾರ ಮುಂದೆ ಕೂತರು, ಆಸ್ಪತ್ರೆಗೆ ಮಂಡಿ ತೋರಿಸೋಕೆ. ಓಡಿಸಿದ್ದು ಅಪ್ಪ. ಗೇರ್ ಹಾಕುವಾಗ ಈ ಸಲ ಬೈಯಲಿಲ್ಲ.