ಮೈಕಿನ ಮುಂದೆ ಕೂರಬೇಕಾದವರೆಲ್ಲಿ?

ಬಾನುಲಿಯ ಫೋನ್-ಇನ್ ಕೇಳುವವರಿಗೆ ಇದು ಹೊಸದಲ್ಲ. ಯಾವುದೋ ಹೋಬಳಿಯಿಂದ ಕರೆ ಬರುತ್ತದೆ. ‘ನಿಮ್ಮ ರೇಡಿಯೊ ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳಿ’ ಎನ್ನುತ್ತಾರೆ ನಿರೂಪಕಿ. ಶಾಲೆಯ ಚಾವಣಿ ಸೋರುತ್ತಿದೆ, ಅರ್ಜಿ ಕೊಟ್ಟು ಸಾಕಾಯ್ತು ಎಂದು ಕರೆ ಮಾಡಿದವರು ಹೇಳುವಷ್ಟರಲ್ಲಿ ಅಧಿಕಾರಿಯ ಉತ್ತರ ಸಿದ್ಧ: ‘ವಿಷಯ ನಮ್ಮ ಗಮನಕ್ಕೆ ಬಂದಿದೆ, ಅನುದಾನ ಬಂದ ಕೂಡಲೇ ಪರಿಶೀಲಿಸ್ತೀವಿ.’ ಮುಂದಿನದು ಚಿತ್ರಗೀತೆ.

ಆ ಅಧಿಕಾರಿಯನ್ನು ದೂರಿ ಫಲವಿಲ್ಲ. ನಾಳೆ ವರ್ಗವಾಗಿ ಹೋಗುವ ಅವರಿಗೆ ಆ ಊರಿನ ಮತ ಬೇಕಿಲ್ಲ. ಆ ಕುರ್ಚಿಯಲ್ಲಿ ಕೂತು ಬೈಗುಳ ತಿನ್ನಬೇಕಾದವರು ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು, ಸದಸ್ಯರು. ಅವರೆಲ್ಲಿ? ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ಕ್ಕೆ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದು ಕೂತರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಿ ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಆಗಿನ ಬಿಜೆಪಿ ಸರ್ಕಾರ ಕಾನೂನು ತಿದ್ದಿ, ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತುಕೊಂಡಿತು. ವಿಳಂಬಕ್ಕೆ ಹೈಕೋರ್ಟ್ ದಂಡ ಹಾಕಿದ್ದೂ ಆಯಿತು. ಆಮೇಲೆ ಬಂದ ಕಾಂಗ್ರೆಸ್ಸೂ ಅವಸರ ತೋರಲಿಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಓಡಾಡಿ ಪಂಚಾಯಿತಿ ವ್ಯವಸ್ಥೆ ಕಟ್ಟಿದ, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಮೊದಲ ಚುನಾವಣೆ ನಡೆಸಿ ದೇಶಕ್ಕೆ ಮಾದರಿ ಎನಿಸಿಕೊಂಡ ರಾಜ್ಯ ಇದು! ಶಾಸಕರಿಗೆ ಮಾತ್ರ ಈ ವಿಳಂಬದಿಂದ ನಷ್ಟವೇನಿಲ್ಲ. ಕ್ಷೇತ್ರದ ಅನುದಾನಕ್ಕೆ ಪಾಲು ಕೇಳುವವರು ಇಲ್ಲವಾದರೆ ಯಾರಿಗೆ ಬೇಡ?

ಸದಸ್ಯರು ಬಂದರೂ ಮಾತಾಡುವುದೆಲ್ಲಿ ಎಂಬುದು ಇನ್ನೊಂದು ಕಥೆ. ಬಾನುಲಿ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಹಾಗಿದ್ದೂ ಸಮುದಾಯ ಬಾನುಲಿಗಳು ಸ್ವಂತವಾಗಿ ಸುದ್ದಿ, ರಾಜಕೀಯ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಚಾಚೂ ತಪ್ಪದೆ ಮರುಪ್ರಸಾರ ಮಾಡಬಹುದು, ಅಷ್ಟೆ. ನೀರು ಯಾವಾಗ ಬರುತ್ತದೆ, ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಅಡ್ಡಿಯಿಲ್ಲ. ನೀರಿನ ಟೆಂಡರು ಯಾರ ಭಾವಮೈದುನನಿಗೆ ಹೋಯಿತು ಎಂದು ಕೇಳಿದರೆ ಪರವಾನಗಿಗೇ ಸಂಚಕಾರ. ಟಿವಿಯವರು ದಿನವಿಡೀ ಕಿರುಚಬಹುದು, ವಾಟ್ಸ್ಆ್ಯಪಿನಲ್ಲಿ ಸುಳ್ಳು ಊರೆಲ್ಲ ಸುತ್ತಬಹುದು. ಸಾಮಾನ್ಯವಾಗಿ ನೂರು ವಾಟ್ ದಾಟದ, ಹತ್ತು ಕಿಲೋಮೀಟರಿನಾಚೆ ಕೇಳಿಸದ ಹಳ್ಳಿ ಬಾನುಲಿಯಿಂದ ಮಾತ್ರ ದೇಶದ ಭದ್ರತೆಗೆ ಕುತ್ತು! ಪಕ್ಷದವರು ಸ್ಟೇಷನ್ನನ್ನೇ ನುಂಗಿಬಿಡುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೆ ದೂರು, ದಂಡ, ಎರಡೂ ಕಡೆಯವರಿಗೆ ಸಮಾನ ಸಮಯದ ನಿಯಮಗಳಿರಲಿ. ಬಾಯಿಗೇ ಬೀಗ ಯಾಕೆ?

ಬಾಯಿಗೆ ಬೀಗವಿಲ್ಲದ ಕಡೆ ನೋಡಿ. 1940ರ ದಶಕದಲ್ಲಿ ನ್ಯೂಯಾರ್ಕಿನ ಮೇಯರ್ ಲಾಗ್ವಾರ್ಡಿಯಾ ಭಾನುವಾರ ಭಾನುವಾರ ನಗರದ್ದೇ ಬಾನುಲಿಯಲ್ಲಿ ಕೂತು ಪಡಿತರ, ದಿನಸಿ ಬೆಲೆಗಳ ಬಗ್ಗೆ ಜನರೊಂದಿಗೆ ಮಾತಾಡುತ್ತಿದ್ದರು. ಅಮೆರಿಕದ ಸಣ್ಣ ಕೌಂಟಿಗಳ ಚುನಾಯಿತರು ಇಂದಿಗೂ ಊರ ಸ್ಟೇಷನ್ನಿಗೆ ಹೋಗಿ ರಸ್ತೆ ಗುಂಡಿಯ ಲೆಕ್ಕ ಕೊಡುತ್ತಾರೆ. ಅವರೆಲ್ಲ ಸತ್ಯವನ್ನೇ ಹೇಳುತ್ತಾರೆಂದಲ್ಲ. ಹೇಳಿದ ಸುಳ್ಳನ್ನು ಊರವರು ಕೇಳಿಸಿಕೊಂಡಿರುತ್ತಾರೆ, ಮುಂದಿನ ವಾರ ಫೋನ್ ಮಾಡಿ ಹಿಡಿಯುತ್ತಾರೆ.

ರಾಜ್ಯ ಸರ್ಕಾರ ಚುನಾವಣೆ ನಡೆಸಲಿ, ಕೇಂದ್ರ ಸರ್ಕಾರ ಸುದ್ದಿಯ ಮೇಲಿನ ನಿಷೇಧ ತೆಗೆಯಲಿ. ಪರಸ್ಪರರನ್ನು ಬೈಯುವುದರಲ್ಲಿ ಇವರಿಬ್ಬರಿಗೆ ಪುರುಸೊತ್ತಿಲ್ಲ. ಜಿಲ್ಲೆಯವರ ಬಾಯಿ ಮುಚ್ಚಿಸುವುದರಲ್ಲಿ ಮಾತ್ರ ಒಮ್ಮತ.