ತುಂಬಿಸಿದವರ ಹೆಸರೂ ಕೇಸಿನಲ್ಲಿರಲಿ

ಹಿರಿಯೂರಿನಿಂದ ಚಿತ್ರದುರ್ಗ ದಾಟಿ ಹರಿಹರದ ಕಡೆ ಹೋಗುವ ನೀಲಗಿರಿ ಲಾರಿಗಳನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ. ತೊಗಟೆ ಸುಲಿದ ತುಂಡುಗಳು ಕ್ಯಾಬಿನ್ನಿಗಿಂತ ಮೇಲೆ ಏರಿರುತ್ತವೆ. ಪಕ್ಕಕ್ಕೆ ಜಾರದಿರಲೆಂದು ನೆಟ್ಟ ಗೂಟಗಳು ಹೊರಕ್ಕೆ ಬಾಗಿರುತ್ತವೆ. ಹಿಂದೆ ಬರುವ ಕಾರಿನವರು ಹಾರ್ನ್ ಹೊಡೆದು, ಚಾಲಕನಿಗೆ ಬೈದು ಮುಂದೆ ಹೋಗುತ್ತಾರೆ. ಸಾರಿಗೆ ಇಲಾಖೆಯ ಜೀಪು ನಿಲ್ಲಿಸುವುದೂ ಆ ಚಾಲಕನನ್ನೇ. ಮರ ಕೊಂಡ ಗುತ್ತಿಗೆದಾರ, ನಿಂತು ತುಂಬಿಸಿದ ಮೇಸ್ತ್ರಿ, ಇಳಿಸಿಕೊಂಡು ದುಡ್ಡು ಕೊಡುವ ಕಾರ್ಖಾನೆ ಈ ಗಲಾಟೆಯಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಅತಿಭಾರ ಹೊರುವುದು ಸರಿ ಎಂದು ನಾನು ವಾದಿಸುತ್ತಿಲ್ಲ. ಮಿತಿ ಮೀರಿ ತುಂಬಿದ ಲಾರಿಯ ಬ್ರೇಕು ಹಿಡಿಯುವುದಿಲ್ಲ, ಹಗ್ಗ ಹರಿದರೆ ಬೈಕಿನವನ ಜೀವ ಉಳಿಯುವುದಿಲ್ಲ. ನನ್ನ ತಕರಾರು ಇರುವುದು ಕೇಸು ಯಾರ ಮೇಲೆ ಬೀಳುತ್ತದೆ ಎನ್ನುವುದರ ಬಗ್ಗೆ.

ಬಾಡಿಗೆ ನಿಗದಿಯಾಗುವುದು ಟನ್ ಲೆಕ್ಕದಲ್ಲಿ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಇದರಲ್ಲಿ ಲಾರಿಯ ಸ್ವಂತ ತೂಕ ಕಳೆದರೆ ಉಳಿಯುವ ಸರಕಿನ ಬಾಡಿಗೆಯಲ್ಲೇ ಡೀಸೆಲ್, ಟೋಲ್, ಟೈರು, ಇನ್ಶೂರೆನ್ಸು, ಬ್ಯಾಂಕಿನ ಕಂತು ಎಲ್ಲವೂ ಹೊರಡಬೇಕು. ಮಿತಿಯೊಳಗೆ ತುಂಬುತ್ತೇನೆ ಎಂದವನಿಗೆ ಮುಂದಿನ ಲೋಡು ಸಿಗುವುದಿಲ್ಲ. ಹಿಂದೆ ಸಾಲಿನಲ್ಲಿ ಇನ್ನೊಂದು ಲಾರಿ ಕಾಯುತ್ತಿರುತ್ತದೆ. ಮರದ ಚಿಪ್ಸ್ ಲೋಡಿನ ಕಷ್ಟ ಬೇರೆ ಥರ. ಒಣಗಿದ ಚಿಪ್ಸ್ ಹಗುರ ಎಂದು ಹಲಗೆ ಕಟ್ಟಿ ಬಾಡಿ ಎತ್ತರಿಸುತ್ತಾರೆ, ಅದರಲ್ಲೇ ಹಸಿ ಚಿಪ್ಸ್ ತುಂಬಿದರೆ ತೂಕ ಎಲ್ಲಿಗೋ ಹೋಗುತ್ತದೆ. ತೂಕ ಗೊತ್ತಾಗುವುದು ವೇಬ್ರಿಡ್ಜ್ ಹತ್ತಿಸಿದ ಮೇಲೆಯೇ. ತೋಟದ ಬದುವಿನಲ್ಲಿ ವೇಬ್ರಿಡ್ಜ್ ಎಲ್ಲಿಂದ ಬರಬೇಕು?

ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಐದು ಟನ್ ಹೆಚ್ಚಿದ್ದರೆ 30,000 ರೂಪಾಯಿ, ಜೊತೆಗೆ ಇಳಿಸುವ ಖರ್ಚು. ಸರಕು ಬಾಡಿಯಿಂದಾಚೆ ಚಾಚಿದ್ದರೆ ಅದಕ್ಕೆ ಬೇರೆ 20,000. ಆದರೆ ಇದೇ ಕಲಂ ಓಡಿಸಿದವನನ್ನು ಮಾತ್ರ ಹೇಳುವುದಿಲ್ಲ, ಓಡಿಸಲು ಕಾರಣನಾದವನನ್ನೂ ಆಸ್ಪದ ಕೊಟ್ಟವನನ್ನೂ ಹೇಳುತ್ತದೆ. ಆ ಮಾತನ್ನು ಓದಿದವರು ರಸ್ತೆಯಲ್ಲಿ ನಿಲ್ಲುವುದಿಲ್ಲ ಅಂತ ಕಾಣುತ್ತದೆ.

ಸಾಕ್ಷಿಗೆ ಬರಗಾಲವೂ ಇಲ್ಲ. ಕಾರ್ಖಾನೆಯ ಗೇಟಿನಲ್ಲಿ ಲೋಡಿನ ತೂಕ, ಖಾಲಿ ತೂಕ ಎರಡನ್ನೂ ಹಿಡಿದು ಚೀಟಿ ಕೊಡುತ್ತಾರೆ. ದುಡ್ಡು ಕೊಡುವುದೇ ಆ ಚೀಟಿಯ ಮೇಲೆ. ಮಿತಿ ಮೀರಿದ ಪ್ರತಿ ಟನ್ನೂ ಅಲ್ಲಿ ದಾಖಲಾಗಿರುತ್ತದೆ. ರಾತ್ರಿ ಹೊತ್ತು ಟಾರ್ಚ್ ಹಿಡಿದು ಲಾರಿ ಬೆನ್ನಟ್ಟುವ ಬದಲು ಅಧಿಕಾರಿಗಳು ಆ ಪುಸ್ತಕ ತರಿಸಿ ನೋಡಲಿ.

ಇದು ಆಗದ ಕೆಲಸವೇನಲ್ಲ. ಹೊಳಲ್ಕೆರೆ, ಹೊಸದುರ್ಗದ ಕಡೆಯವರಿಗೆ ಅದಿರು ಲಾರಿಗಳ ಕಥೆ ಗೊತ್ತು. 2011ರ ಲೋಕಾಯುಕ್ತ ವರದಿ ಬಂದು, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿದ ಮೇಲೆ ಅದಿರಿಗೆ ಲೆಕ್ಕ ಬಂತು. ತೂಕವಾಗದೆ, ಪರ್ಮಿಟ್ ಇಲ್ಲದೆ ಲಾರಿ ಗಣಿ ಬಿಡಬಾರದು ಎಂಬ ಶಿಸ್ತು ಬಂತು. ಒಂದೇ ಜಿಲ್ಲೆಯಲ್ಲಿ ಕಲ್ಲಿಗೊಂದು ನ್ಯಾಯ, ಮರಕ್ಕೊಂದು ನ್ಯಾಯ ಯಾಕೆ?

ಅರಣ್ಯ ಇಲಾಖೆಯ ಕೇಸಾದರೆ ದಂಡಕ್ಕೆ ಮುಗಿಯುವುದಿಲ್ಲ, ಲಾರಿಯೇ ಹೋಗುತ್ತದೆ. ಕರ್ನಾಟಕ ಅರಣ್ಯ ಕಾಯ್ದೆಯ 71-ಎ ಕಲಂ ಮರದ ಜೊತೆ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕೊಡುತ್ತದೆ. ಅಂಥ ವಾಹನವನ್ನು ಸುಲಭಕ್ಕೆ ಬಿಡಬಾರದು, ಬಿಡುವುದಾದರೆ ಬ್ಯಾಂಕ್ ಗ್ಯಾರಂಟಿ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಕಾಡುಗಳ್ಳರಿಗೆ ಇದು ತಕ್ಕ ಶಾಸ್ತಿ. ಆದರೆ ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿಯಂಥ ಮರ ಕಡಿಯಲು ಅನುಮತಿ ಬೇಡ ಎಂಬ ಸಡಿಲಿಕೆಯ ಮರೆಯಲ್ಲಿ ಯಾರೋ ನಾಲ್ಕು ತುಂಡು ಬೇರೆ ಮರ ತೂರಿಸಿದರೆ? ತನಗೂ ತನ್ನ ಚಾಲಕನಿಗೂ ಗೊತ್ತಿರಲಿಲ್ಲ, ತಕ್ಕ ಎಚ್ಚರ ವಹಿಸಿದ್ದೆವು ಎಂದು ಮಾಲೀಕ ಸಾಬೀತು ಮಾಡಿದರೆ ಲಾರಿ ಉಳಿಯುತ್ತದೆ. ಇಪ್ಪತ್ತು ಲಾರಿಯ ಧಣಿ ಆ ಹೊತ್ತಿಗೆ ತಾನು ಊರಲ್ಲೇ ಇರಲಿಲ್ಲ ಎನ್ನಬಹುದು. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನು ಏನೆನ್ನಬೇಕು? ಮಾಲೀಕನೂ ಅವನೇ, ಚಾಲಕನೂ ಅವನೇ.

ಪರಿಸರದ ಗೆಳೆಯರು ಇಲ್ಲಿ ತಡೆಯಬಹುದು. ನೀಲಗಿರಿ ಅಂತರ್ಜಲ ಹೀರುವ ಮರ, 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಅದರ ಸಾಗಣೆಯವರ ಪರ ವಕಾಲತ್ತೇಕೆ ಎನ್ನಬಹುದು. ನೀಲಗಿರಿಯ ಮೇಲೆ ನನಗೂ ಪ್ರೀತಿಯಿಲ್ಲ. ಆದರೆ ಅದನ್ನು ಈ ನಾಡಿಗೆ ಹಬ್ಬಿಸಿದ್ದು ಲಾರಿಯವರೇ? 1984ರಲ್ಲಿ ಹರಿಹರ ಪಾಲಿಫೈಬರ್ಸ್ ಜೊತೆ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಹಳ್ಳಿಗರ ಗೋಮಾಳ, ಕುರುಚಲು ಭೂಮಿಯನ್ನು ಅದಕ್ಕೆ ಕೊಡಹೊರಟಿದ್ದು ಸರ್ಕಾರ. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು, 1987ರಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟಿದ್ದು ಸರ್ಕಾರ ಮತ್ತು ಕಂಪನಿಯ ವಿರುದ್ಧ. ಆ ಚಳವಳಿಗಾರರಿಗೆ ಎದುರಾಳಿ ಯಾರೆಂಬುದು ಸ್ಪಷ್ಟವಿತ್ತು.

2025ರ ಏಪ್ರಿಲ್‌ನಲ್ಲಿ ಲಾರಿ ಮಾಲೀಕರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ದೊಡ್ಡದಾಗಿ ಕೇಳಿಸಿದ್ದು ಡೀಸೆಲ್ ತೆರಿಗೆ, ಟೋಲ್, ಗಡಿ ಚೆಕ್‌ಪೋಸ್ಟ್‌ಗಳ ಮಾತು. ಅವೂ ಬೇಕಾದವೇ. ಮುಂದಿನ ಸಲ ಸಂಘದವರು ಬೇಡಿಕೆ ಪಟ್ಟಿ ಬರೆಯುವಾಗ ಒಂದೇ ಲಾರಿಯವನನ್ನೂ ನೆನೆಯಲಿ. ಸಾಗಣೆ ಚೀಟಿಯಲ್ಲಿ ಮರ ತುಂಬಿಸಿದವನ ಹೆಸರು, ಸಹಿ ಇರಲೇಬೇಕು. ಮಿತಿ ಮೀರಿದ ಲೋಡನ್ನು ಗೇಟಿನೊಳಗೆ ಬಿಟ್ಟುಕೊಂಡ ಕಾರ್ಖಾನೆಯ ಮೇಲೂ 194ನೇ ಕಲಂ ಅಡಿಯಲ್ಲೇ ಕೇಸು ಹಾಕಬೇಕು. ಇದಕ್ಕೆ ಹೊಸ ಕಾನೂನಿಗೆ ಕಾಯಬೇಕಿಲ್ಲ. ಚಿತ್ರದುರ್ಗದ ಜಿಲ್ಲಾಧಿಕಾರಿಯವರು ಸಾರಿಗೆ ಮತ್ತು ಅರಣ್ಯ ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಿ ಸೂಚನೆ ಕೊಟ್ಟರೆ ಈ ಕೆಲಸ ನಾಳೆಯೇ ಶುರುವಾಗಬಹುದು.